ಎಲ್ಲರಿಗೂ ಬಂದ ನನ್ನ ಮಂಡಿನೋವು

ಮೇಷ್ಟ್ರುಗಳಿಗೆ ಸ್ವಂತ ಅಭಿಪ್ರಾಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಟಾಫ್ ರೂಮಿಗೆ ಟೀ ಬರುವಷ್ಟರಲ್ಲಿ ನಾವು ಪಿಂಚಣಿ, ಆರೋಗ್ಯ ಕಾರ್ಡು, ವರ್ಗಾವಣೆ ಎಲ್ಲವನ್ನೂ ಸರಿಪಡಿಸಿ ಮುಗಿಸಿರುತ್ತೇವೆ. ಅದನ್ನೇ ಬರೆದು ಕೊಡಿ ಎಂದರೆ ಮಾತ್ರ ಒಬ್ಬೊಬ್ಬರಿಗೂ ತರಗತಿ ನೆನಪಾಗುತ್ತದೆ. ಹಾಗಾಗಿ ದೊಡ್ಡಬಳ್ಳಾಪುರದ ಶಿಕ್ಷಣ ಇಲಾಖೆ ಕಚೇರಿಯಿಂದ ಯಾವ ಫಾರಂ ಬಂದರೂ ಮಧುರೆ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಒಂದೇ ಪದ್ಧತಿ. ಕನ್ನಡ ಮೇಷ್ಟ್ರಾದ ನಾನು 'ಮಾದರಿ' ತುಂಬುವುದು, ಉಳಿದ ಎಂಟು ಜನ ಹೆಸರೊಂದನ್ನು ಬದಲಿಸಿ ಇಳಿಸಿಕೊಳ್ಳುವುದು.

ಶಿಕ್ಷಕರ ಕ್ಷೇಮಾಭಿವೃದ್ಧಿ ಯೋಜನೆಗಳ ಬಗ್ಗೆ ಅಭಿಪ್ರಾಯ ಕೇಳಿ ಫಾರಂ ಬಂದಾಗ ನನಗೆ ಒಳಗೊಳಗೇ ಖುಷಿ. ಎರಡು ವರ್ಷದಿಂದ ನನ್ನ ಎಡಮಂಡಿ ಮುನಿಸಿಕೊಂಡಿದೆ; ನನ್ನ ಹತ್ತನೇ ತರಗತಿ ಇಪ್ಪತ್ತೆರಡು ಮೆಟ್ಟಿಲ ಮೇಲಿದೆ. "ಯೋಜನೆಗಳೆಲ್ಲ ಚೆನ್ನಾಗಿವೆ, ನಮ್ಮ ತನಕ ಬಂದಿಲ್ಲ. ನನಗೆ ವಿಪರೀತ ಮಂಡಿನೋವು. ಕೆಳಗಿನ ಕೋಣೆ ಕೊಟ್ಟರೆ ಅದೇ ನನ್ನ ಕ್ಷೇಮ" ಎಂದು ಮನಸಾರೆ ಬರೆದೆ. ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲರೂ ಇಳಿಸಿಕೊಂಡು, ಫಾರಮ್ಮುಗಳ ಕಟ್ಟು ದೊಡ್ಡಬಳ್ಳಾಪುರದ ಬಸ್ಸು ಹತ್ತಿತ್ತು. ಒಂಬತ್ತು ಫಾರಮ್ಮಿನಲ್ಲೂ ವಿಪರೀತ ಮಂಡಿನೋವು.

"ಮುನಿರಾಜು, ನೀನು ಪಿಟಿ ಮೇಷ್ಟ್ರು ಕಣೋ. ದಿನಾ ಖೋಖೋ ಆಡಿಸ್ತೀಯ" ಎಂದೆ.

"ನೀವು ತಿಳ್ದೋರು, ಸುಮ್ಸುಮ್ನೆ ಬರೀತೀರಾ ಅಂತ ಇಳಿಸ್ಬಿಟ್ಟೆ ಸಾರ್" ಎಂದ.

ವಾರದೊಳಗೆ ಫೋನು ಬಂತು. ಇಡೀ ಶಾಲೆಗೇ ಮಂಡಿನೋವು ಬಂದಿರುವುದನ್ನು ಕಣ್ಣಾರೆ ನೋಡಲು ಶಿಕ್ಷಣಾಧಿಕಾರಿ ಸಾಹೇಬರೇ ಬರುತ್ತಾರಂತೆ. ಓದದೆ ಸಹಿ ಹಾಕಿದ್ದ ಹೆಡ್ ಮೇಡಂ ಬೆವರಿದರು. "ಅವತ್ತು ಎಲ್ರೂ ಕುಂಟ್ಬೇಕು. ಇಲ್ದಿದ್ರೆ ಸುಳ್ಳು ಬರ್ದಿದೀರಾ ಅಂತ ನೋಟಿಸ್ ಬರುತ್ತೆ" ಎಂದರು. ಮೈದಾನದಲ್ಲಿ ತಾಲೀಮು ಶುರುವಾಯಿತು. ಮುನಿರಾಜು ಸೀಟಿ ಊದಿ ಕುಂಟಿಸಿದ. ವಿಜ್ಞಾನದ ಮೇಷ್ಟ್ರು ಎರಡೂ ಕಾಲಿನಲ್ಲಿ ಕುಂಟಲು ಹೋಗಿ ಬಿದ್ದರು. ನನಗೆ ತಾಲೀಮು ಬೇಕಿರಲಿಲ್ಲ. ಕಟ್ಟೆಯ ಮೇಲೆ ಕೂತು, ನನ್ನದು ಅಸಲಿ ಮಾಲು ಎಂದು ಬೀಗಿದೆ.

ಸಾಹೇಬರ ಜೀಪು ಬಂದಾಗ ನಾನು ಮೇಲಿನ ತರಗತಿಯಲ್ಲಿದ್ದೆ. ಕೆಳಗೆ ನೋಡಿದರೆ ಎಂಟು ಜನ ಸಾಲಾಗಿ ಕುಂಟುತ್ತಿದ್ದಾರೆ, ಮುನಿರಾಜುವಂತೂ ಕಣ್ಣೀರು ಬರುವಂತೆ. ಈ ಗುಂಪಿನಲ್ಲಿ ನನ್ನ ಮಂಡಿಯನ್ನು ಯಾರು ಗುರುತಿಸುತ್ತಾರೆ? ನಾನೇ ಮೊದಲು ಹೇಳಿಬಿಡಬೇಕೆಂಬ ಆತುರದಲ್ಲಿ ನೋವೇ ಮರೆತು, ಎರಡೆರಡು ಮೆಟ್ಟಿಲು ಹಾರಿ ಅವರೆದುರು ನಿಂತೆ.

"ವಯಸ್ಸೆಷ್ಟು ಮೇಷ್ಟ್ರೇ?"

"ಐವತ್ತಾರು ಸಾರ್."

"ಭೇಷ್. ಮೇಡಂ, ಮೇಲಿನ ಕ್ಲಾಸೆಲ್ಲ ಇವರಿಗೇ ಕೊಡಿ. ಪಾಪ, ಮಿಕ್ಕೋರು ಕೆಳಗಿರ್ಲಿ."

"ನನಗೂ ಮಂಡಿನೋವಿದೆ ಸಾರ್, ಫಾರಮ್ಮಲ್ಲಿ ಬರ್ದಿದೀನಿ" ಎಂದೆ. ಅವರು ಕಟ್ಟು ಬಿಚ್ಚಿ ನನ್ನ ಫಾರಂ ಹುಡುಕಿದರು. ಉಳಿದವರ ಫಾರಮ್ಮುಗಳ ಪಕ್ಕ ಹಿಡಿದು ಓದಿದರು. ಬೆನ್ನು ತಟ್ಟಿ, "ಈ ವಯಸ್ನಲ್ಲಿ ಕಾಪಿ ಹೊಡೀಬಾರ್ದು ಮೇಷ್ಟ್ರೇ" ಎಂದರು.

ಈಗ ಎಂಟನೇ ತರಗತಿಯೂ ಒಂಬತ್ತನೆಯದೂ ನನ್ನ ಪಾಲಿಗೆ ಬಂದು ಮೇಲೇರಿವೆ. ಪರೀಕ್ಷೆ ಹತ್ತಿರ ಬಂದಿದೆ, ನಕಲು ಮಾಡಿದವನೇ ಕೆಡುತ್ತಾನೆ ಎಂದು ಮಕ್ಕಳಿಗೆ ಬುದ್ಧಿ ಹೇಳಬೇಕು. ಹೇಳೋಣವೆಂದೇ ದಿನವೂ ಹೊರಡುತ್ತೇನೆ. ಇಪ್ಪತ್ತೆರಡನೇ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮಾತಿನ ಮೇಲೆ ನನಗೇ ನಂಬಿಕೆ ಹೋಗಿರುತ್ತದೆ.