ಓಟದ ಕಾರಿನ ಹಿಂದಿನ ಗಾಜು

ಎಲ್ಲಕ್ಕೂ ಮೂಲ ಒಂದು ಬಿಳಿ ಧೋತರ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸವಡಿಯ ಮುತ್ತಣ್ಣ ತನ್ನ ಕೆಂಪು ಕಾರನ್ನು ಗಜೇಂದ್ರಗಡದ ತಂಗಿ ಮಹೇಶ್ವರಿಯ ಮನೆ ಮುಂದೆ ತಂದು ನಿಲ್ಲಿಸಿದ. ಅದು ಅಂತಿಂಥ ಕಾರಲ್ಲ, ಓಟದ ಕಾರು. ಆರು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ ಎಂದು ಮಾರಿದವನು ಆಣೆ ಮಾಡಿ ಹೇಳಿದ್ದ. ರೋಣದ ರಸ್ತೆಯಲ್ಲಿ ಐದು ಸೆಕೆಂಡಿಗೇ ಒಂದು ಹಂಪು ಬರುವುದರಿಂದ ಅದನ್ನು ಪರೀಕ್ಷಿಸುವ ಯೋಗ ಮುತ್ತಣ್ಣನಿಗೆ ಕೂಡಿಬಂದಿರಲಿಲ್ಲ. ಆದರೂ ಅವನು ಆ ಕಾರಿಗೆ ಮಾಡುತ್ತಿದ್ದ ಆರೈಕೆಯನ್ನು ಕಂಡು ಅವನ ಜೋಡೆತ್ತುಗಳಿಗೆ ಹೊಟ್ಟೆಕಿಚ್ಚು ಬಂದಿದ್ದರೆ ಆಶ್ಚರ್ಯವಿಲ್ಲ.

ಇಳಿದವನೇ ಚೀಲದಿಂದ ಒಗೆದ ಧೋತರವೊಂದನ್ನು ತೆಗೆದು, ಹಿಂದಿನ ಇಳಿಜಾರು ಗಾಜಿನ ಮೇಲೆ ಹಾಸಿ, ನಾಲ್ಕೂ ತುದಿಗಳನ್ನು ಬಿಗಿಯಾಗಿ ಸಿಕ್ಕಿಸಿದ.

"ಅಳಿಯಾರ, ನಾ ಬಸ್ಸಿಗೆ ಇಟಗಿಗೆ ಹೋಗಿ ಸಂಜಿಕ ಬರ್ತೀನಿ. ಚಾವಿ ನಿಮ್ಮ ಕಡೆ ಇರ್ಲಿ. ಆದ್ರ ಆ ಹಿಂದಿನ ಗ್ಲಾಸಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ತಂಗಿಯ ಗಂಡ ದುರಗೇಶನಿಗೆ ಹೇಳಿ ಹೊರಟೇ ಹೋದ.

ಓಟದ ಕಾರಿದ್ದವನು ಬಸ್ಸಿಗೇಕೆ ಹೋಗುತ್ತಾನೆ ಎಂದು ದುರಗೇಶ ಕೇಳಬೇಕಿತ್ತು. ಚಾವಿ ಕೈಗೆ ಬಂದ ಖುಷಿಯಲ್ಲಿ ಅದು ಅವನಿಗೆ ಹೊಳೆಯಲಿಲ್ಲ.

ಖುಷಿಗೆ ಕಾರಣವಿತ್ತು. ದುರಗೇಶ ಹೈಸ್ಕೂಲಿನ ದೈಹಿಕ ಶಿಕ್ಷಕ, ಗಟ್ಟಿ ಆಳು. ಆದರೆ ಅತ್ತೆಯ ಮನೆಯಲ್ಲಿ ಅವನ ಕೈಗುಣದ ಬಗ್ಗೆ ಒಳ್ಳೆಯ ಮಾತಿರಲಿಲ್ಲ. ಹೊಸ ಅಳಿಯನಾಗಿ ಹೋದಾಗ ಚಕ್ಕಡಿ ಹೊಡೆಯುತ್ತೇನೆಂದು ಹೋಗಿ ಎತ್ತು ಸಮೇತ ಕೆರೆಗೆ ಇಳಿಸಿದ್ದ. ಮರುವರ್ಷ ಒಬ್ಬನೇ ಎತ್ತುತ್ತೇನೆಂದು ಟಿವಿಯನ್ನು ಎತ್ತಿದ್ದ. ಇಳಿಸುವ ಕೆಲಸವನ್ನು ಟಿವಿಯೇ ಮಾಡಿಕೊಂಡಿತ್ತು. ಸವಡಿಯ ಮಕ್ಕಳು ಅವನನ್ನು ಬೆನ್ನ ಹಿಂದೆ 'ಒಡಕಮಾಮಾ' ಎನ್ನುತ್ತಿದ್ದವು. ಹೋದ ದೀಪಾವಳಿಗೆ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂದರೆ ಅವನೊಬ್ಬನಿಗೆ ಸ್ಟೀಲಿನ ಲೋಟದಲ್ಲಿ ಬಂದಿತ್ತು. ಆ ಲೋಟ ಅವನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಅಂಥವನ ಕೈಗೆ ಮುತ್ತಣ್ಣ ತಾನಾಗಿ ಚಾವಿ ಕೊಟ್ಟಿದ್ದಾನೆ! ಸಂಜೆಯವರೆಗೆ ಕಾರಿನ ಹತ್ತಿರ ಸುಳಿಯದೇ ಇದ್ದರೆ ಸಾಕು, ಮರ್ಯಾದೆ ಮರಳಿ ಬಂದಂತೆ ಎಂದು ದುರಗೇಶ ಒಳಗೆ ಹೋಗಿ ಪೇಪರು ಹಿಡಿದ.

ಹತ್ತು ಗಂಟೆಗೆ ಮಹೇಶ್ವರಿ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಹೊರಗೆ ಬಂದಳು. ಎದುರಿಗೆ ಕಾದ ಇಳಿಜಾರು, ಅದರ ಮೇಲೆ ಒಗೆದು ಹಾಸಿದ ಬಿಳಿ ಬಟ್ಟೆ. ಅಣ್ಣನೇ ತನಗಾಗಿ ಹಾಸಿಟ್ಟು ಹೋದಂತೆ ಅವಳಿಗೆ ಕಂಡಿತು. ಧೋತರದ ತುಂಬ ಸಾಲಾಗಿ ಸಂಡಿಗೆ ಇಟ್ಟು ಒಳಗೆ ಬಂದಳು.

ಅರ್ಧ ತಾಸಿನಲ್ಲಿ ಗುಡ್ಡದಿಂದ ಒಂದು ಮಂಗ ಇಳಿದು ಬಂತು. ಕಾರಿನ ಮೇಲೆ ಕುಳಿತು ಮದುವೆಯ ಬೀಗರ ಹಾಗೆ ಒಂದೊಂದನ್ನೇ ರುಚಿ ನೋಡತೊಡಗಿತು.

"ಮಂಗ್ಯಾ ಬಂತ್ರೀ! ಲಗೂ ಬರ್ರಿ!" ಎಂದು ಮಹೇಶ್ವರಿ ಕೂಗಿದಳು.

ದುರಗೇಶ ಹೊರಗೆ ಹಾರಿದ. ಕಾರಿನ ಮೇಲೆ ಮಂಗ! ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಿದ. ಗಾಳಿಯಂತ್ರಗಳ ಊರಾದ ಗಜೇಂದ್ರಗಡದಲ್ಲಿ ಗಾಳಿಗೆ ಬಾಗಿಲು ಬಡಿದುಕೊಳ್ಳಬಾರದೆಂದು ಎಲ್ಲರೂ ಹೊಸ್ತಿಲ ಬಳಿ ಒಂದು ಕಲ್ಲು ಇಟ್ಟಿರುತ್ತಾರೆ. ದುರಗೇಶ ಮಾಸ್ತರರ ಮನೆಯಲ್ಲಿ ಕಲ್ಲಿನ ಬದಲು ಶಾಲೆಯ ಹಳೆಯ ಕಬ್ಬಿಣದ ಗುಂಡು ಇತ್ತು, ಗುಂಡು ಎಸೆತದ ಸ್ಪರ್ಧೆಯದು. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಅವನು ಎಸೆದ ಗುಂಡು ನೇರವಾಗಿ ಹೋಗಿರಲಿಲ್ಲ. ಇವತ್ತು ಹೋಯಿತು. ಮಂಗ ಮಾತ್ರ ಒಂದು ಗೇಣು ಪಕ್ಕಕ್ಕೆ ಸರಿಯಿತು.

ಸದ್ದು ಕೇಳಿ ಓಣಿಯೆಲ್ಲ ಹೊರಗೆ ಬಂತು. ಗಾಜೆಲ್ಲ ಕಲ್ಲುಸಕ್ಕರೆಯಾಗಿ ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಮಂಗ ಕೊನೆಯ ಸಂಡಿಗೆ ಹಿಡಿದು ಗೋಡೆ ಏರಿತು.

"ಮಂಗ್ಯಾಗ ಬಡೀಲಿಲ್ಲ, ಪುಣ್ಯಾ ಬಂತು ಮಾಸ್ತರ" ಎಂದಳು ಎದುರು ಮನೆಯ ಖಾತುನಬಿ.

"ನಮ್ಮಣ್ಣಂದ ಗ್ಲಾಸ್ ಒಡದ್ರೆಲ್ರೀ!"

"ಅದರ ಮ್ಯಾಲೆ ಸಂಡಿಗಿ ಇಟ್ಟಾಕಿ ಯಾರು?"

"ಸಂಡಿಗಿ ಇಟ್ರ ಗ್ಲಾಸ್ ಒಡಿತೈತೇನ್ರಿ? ಗುಂಡ ಒಗದಾವ್ರು ನೀವು!"

ದುರಗೇಶ ಹೊಸ್ತಿಲ ಮೇಲೆ ಕುಸಿದ. ಸ್ಟೀಲಿನ ಲೋಟ ಕಣ್ಣ ಮುಂದೆ ಬಂತು. ಇನ್ನು ಮೇಲೆ ಅದೂ ಇಲ್ಲ, ಬೊಗಸೆಗೇ ಚಹಾ ಹೊಯ್ಯುತ್ತಾರೆ ಎನ್ನಿಸಿತು.

ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯವನು ಬಂದು ಗೇಣಿನಲ್ಲಿ ಅಳೆದು, "ಹತ್ತ ಮಿನಿಟಿನ್ಯಾಗ ಕತ್ತರಿಸಿ, ನಾಕ ಮಳಿ ಹೊಡದ ಕೂಡಸ್ತೀನಿ" ಎಂದ. ಕಾರಿಗೆ ಮೊಳೆ ಹೊಡೆಯುವ ಮಾತು ಕೇಳಿ ದುರಗೇಶನಿಗೆ ಬೆವರು ಬಂತು. ಆಗ ಮುಂದೆ ಬಂದವನು ಪಕ್ಕದ ಮನೆಯ ಮಾಳಪ್ಪ. ಮೂವತ್ತೆರಡು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು.

"ನರಗುಂದದ ಗುಜರಿಯೊಳಗ ಇಂಥಾದ ಒಂದ ಕೆಂಪ ಗಾಡಿ ಬಿದ್ದೈತಿ ನೋಡ್ರಿ. ಹೈವೇದಾಗ ಮುಂದಿನ ಮಾರಿ ಜಜ್ಜಿ ಹೋಗೇತಿ, ಹಿಂದ ಖಡಕ್ ಐತಿ. ನಡೀರಿ, ನಾ ಬರ್ತೀನಿ."

ಹನ್ನೊಂದಕ್ಕೆ ಹೊರಟರು. ದುರಗೇಶ ಸ್ಟೀರಿಂಗ್ ಹಿಡಿದ. ಮಾಳಪ್ಪ ಗಾಜಿನ ಚೂರು ಝಾಡಿಸಿ ಹಿಂದೆ ಕುಳಿತು, ಧೂಳು ಒಳಗೆ ಬಾರದಂತೆ ಧೋತರವನ್ನು ಎರಡೂ ಕೈಗಳಿಂದ ಚಾಚಿ ಹಿಡಿದ. ಕಾರು ಕಾಲಿಗೆ ಸಿಗುತ್ತಿರಲಿಲ್ಲ. ಬೆರಳಷ್ಟು ಒತ್ತಿದರೆ ನೆಗೆಯುತ್ತಿತ್ತು, ಬಿಟ್ಟರೆ ಮುನಿಸಿಕೊಂಡು ನಿಲ್ಲುತ್ತಿತ್ತು.

ರೋಣ ಮುಟ್ಟುವಷ್ಟರಲ್ಲಿ ಇನ್ನೊಂದು ಸಂಕಟ ಗೊತ್ತಾಯಿತು. ಹಿಂದೆ ಗಾಜಿಲ್ಲದ್ದನ್ನು ಕಂಡವರೆಲ್ಲ ಅದನ್ನು ತಿಳಿಸಬೇಕೆಂದು ಕೈ ಎತ್ತುತ್ತಿದ್ದರು. ಯಾರಾದರೂ ಕೈ ಎತ್ತಿದರೆ ಸಾಕು, ಮೂವತ್ತೆರಡು ವರ್ಷದ ಅಭ್ಯಾಸದಲ್ಲಿ ಮಾಳಪ್ಪ ಬಾಗಿಲು ಬಡಿದು "ಹೋಲ್ಡಾನ್!" ಎನ್ನುತ್ತಿದ್ದ.

"ನಿಮ್ಮ ಹಿಂದಿನ ಗ್ಲಾಸ್ ಇಲ್ರೀ!"

"ಗೊತ್ತೈತ್ರಿ" ಎಂದು ದುರಗೇಶ ಹಲ್ಲು ಕಡಿಯುತ್ತಿದ್ದ.

"ರೈಟ್, ರೈಟ್!"

ಹೀಗೆ ಏಳು ಕಡೆ ನಿಂತಿತು. ಎಂಟನೆಯ ಕಡೆ, ಬಸ್ ನಿಲ್ದಾಣದ ಎದುರು, ಕೈ ಎತ್ತಿದವಳು ಕೋಳಿಬುಟ್ಟಿ ಹೊತ್ತ ಮುದುಕಿ ಬಾಳವ್ವ.

"ನರಗುಂದಕ್ಕ ಹೋಗ್ತೈತೇನೋ ಯಪ್ಪಾ?"

"ಹತ್ತಬೇ, ಹಿಂದ ಜಾಗಾ ಐತಿ" ಎಂದುಬಿಟ್ಟ ಮಾಳಪ್ಪ.

ಇಳಿಸಲು ದುರಗೇಶನಿಗೆ ಮನಸ್ಸಾಗಲಿಲ್ಲ. ಊರು ದಾಟಿದ ಮೇಲೆ ಹಂಪಿಲ್ಲದ ಒಂದು ಮೈಲಿ ಸಿಕ್ಕಿತು. ಹೊತ್ತಾಯಿತೆಂದು ದುರಗೇಶ ಕಾಲನ್ನು ಸ್ವಲ್ಪ ಹೆಚ್ಚೇ ಒತ್ತಿದ. ಮಾರಿದವನು ಸುಳ್ಳು ಹೇಳಿರಲಿಲ್ಲ. ಮಾಳಪ್ಪ ಸೀಟಿಗೆ ಅಂಟಿದ, ಧೋತರ ಕೈಬಿಟ್ಟು ಮುದುಕಿಯ ತಲೆಗೆ ಸುತ್ತಿಕೊಂಡಿತು, ಬುಟ್ಟಿಯ ಮುಚ್ಚಳ ಹಾರಿತು. ನಾಲ್ಕು ಕೋಳಿಗಳು ಗಾಜಿಲ್ಲದ ಕಿಟಕಿಯಿಂದ ಒಂದರ ಹಿಂದೊಂದು ಹೊರಬಿದ್ದವು.

"ಹೋಲ್ಡಾನ್!" ಈ ಸಲ ಮಾಳಪ್ಪ, ಬಾಳವ್ವ ಇಬ್ಬರೂ ಕೂಗಿದರು.

ಕಡಲೆ ಹೊಲದಲ್ಲಿ ಮುಕ್ಕಾಲು ತಾಸು ಕೋಳಿ ಬೇಟೆ ನಡೆಯಿತು. ಮಕ್ಕಳಿಗೆ ದಿನಾ ಓಡಿ ಎನ್ನುವ ಮಾಸ್ತರರು ಅವತ್ತು ತಾವೇ ಓಡಿದರು. ನಾಲ್ಕನೆಯ ಕೋಳಿ ಸಿಕ್ಕಾಗ ಬಾಳವ್ವ, "ಗ್ಲಾಸ್ ಇಲ್ಲದ ಗಾಡಿ ಯಾಕ ಹೊಡೀತೀರಪಾ? ಬಸ್ಸ ಚಲೋ ಇತ್ತು" ಎಂದಳು. ಬೈಸಿಕೊಳ್ಳುವುದೂ ಬಾಕಿ ಇತ್ತು ಎಂದುಕೊಂಡು ದುರಗೇಶ ಕೋಳಿಯನ್ನು ಬುಟ್ಟಿಗೆ ಹಾಕಿದ.

ನರಗುಂದದ ಗುಜರಿಯ ಒಡತಿ ಸಾಬೀರಾ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಂದು ಕಾರನ್ನು ಒಂದು ಸುತ್ತು ನೋಡಿದಳು. ಮಾಳಪ್ಪ ಹೇಳಿದ ಕೆಂಪು ಕಾರು ನಿಜವಾಗಿಯೂ ಮೂಲೆಯಲ್ಲಿತ್ತು. ಅದರ ಹಿಂದಿನ ಗಾಜು ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದುದನ್ನು ಕಂಡು ದುರಗೇಶನಿಗೆ ದೇವರೇ ಎದುರು ಬಂದಂತಾಯಿತು.

"ಅಕ್ಕಾರ, ಲಗೂನ ಹಾಕಿಕೊಡ್ರಿ. ಆರರೊಳಗ ಮನಿ ಮುಟ್ಟಬೇಕು."

"ಇದು ಅಂಟಿನ ಕೆಲಸ್ರಿ ಮಾಸ್ತರ. ಅಂಟಿಗೆ ಅವಸರ ಇರಂಗಿಲ್ಲ" ಎಂದಳು ಸಾಬೀರಾ.

ತಂತಿಯಿಂದ ಹಳೆಯ ಅಂಟನ್ನು ಕೊಯ್ದು ಗಾಜನ್ನು ಬಿಡಿಸಿದಳು. ಕಾರಿನ ಚೌಕಟ್ಟಿನಲ್ಲಿ ಉಳಿದಿದ್ದ ಚೂರುಗಳನ್ನು ಕೆರೆದು, ಒರೆಸಿ, ಕಪ್ಪು ಅಂಟನ್ನು ಶ್ಯಾವಿಗೆಯಂತೆ ಸುತ್ತಲೂ ಎಳೆದಳು. ಗಾಜಿನೊಳಗಿನ ಸಣ್ಣ ಗೆರೆಗಳನ್ನು ನೋಡಿ ಮಾಳಪ್ಪ, "ಇವ್ಯಾಕ್ರಿ, ಕಾಪಿ ಬರಿಯಾಕೇನು?" ಎಂದ.

"ಕರೆಂಟಿನ ಗೆರಿ ಅವು. ಗ್ಲಾಸಿನ ಮ್ಯಾಲೆ ಮಂಜು ಕುಂತ್ರ ಕರಗಸ್ತಾವು."

"ನರಗುಂದದಾಗ ಮಂಜು?" ಮಾಳಪ್ಪ ನೆತ್ತಿಯ ಬೆವರು ಒರೆಸಿಕೊಂಡು ಸೂರ್ಯನನ್ನು ನೋಡಿದ.

ಗಾಜು ಕುಳಿತ ಮೇಲೆ ಒಂದು ತಾಸು ಕಾಯಬೇಕಾಯಿತು. ದುರಗೇಶ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಕೇಳಿದಷ್ಟು ಕೊಟ್ಟು ಹೊರಟಾಗ ಸಾಬೀರಾ ಎಚ್ಚರಿಸಿದಳು: "ನಾಳಿ ತನಕ ಬಾಗಲಾ ದಬಕ್ಕಂತ ಹಾಕಬ್ಯಾಡ್ರಿ. ಒಳಗಿನ ಗಾಳಿ ಗ್ಲಾಸ್ ದೂಕ್ತೈತಿ."

ಬರುವಾಗ ಓಟದ ಕಾರು ಬಾಣಂತಿಯ ನಡಿಗೆಯಲ್ಲಿ ಬಂತು. ಎತ್ತಿನ ಬಂಡಿಯೊಂದು ದಾಟಿ ಮುಂದೆ ಹೋಯಿತು, ದುರಗೇಶ ಅದಕ್ಕೂ ದಾರಿ ಬಿಟ್ಟ. ರೋಣದಲ್ಲಿ ಈಗ ಯಾರೂ ಕೈ ಎತ್ತಲಿಲ್ಲ. ಐದೂವರೆಗೆ ಮನೆ ಮುಟ್ಟಿದರು. ಖಾತುನಬಿ ಸೀಟಿನ ಸಂದಿಯಿಂದ ಗಾಜಿನ ಚೂರು ಆರಿಸಿದಳು, ಜೊತೆಗೆ ಮೂರು ಕೋಳಿಪುಕ್ಕ. ಮಹೇಶ್ವರಿ ಧೋತರ ಒಗೆದಳು, ಗಾಳಿ ಗಳಿಗೆಯಲ್ಲಿ ಒಣಗಿಸಿಕೊಟ್ಟಿತು. ಮೊದಲಿದ್ದ ಹಾಗೆಯೇ ಹಾಸಿ ನಾಲ್ಕೂ ತುದಿ ಸಿಕ್ಕಿಸಿದರು. ಓಣಿಯವರೆಲ್ಲ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು, ಏನಾಗುತ್ತದೆಂದು ನೋಡಲು ಅಲ್ಲೇ ನಿಂತರು.

ಆರು ಗಂಟೆಗೆ ಮುತ್ತಣ್ಣ ಬಂದ. ಹಣೆತುಂಬ ವಿಭೂತಿ, ಕೈಯಲ್ಲಿ ಒಡೆದ ತೆಂಗಿನಕಾಯಿ. ಯಾರನ್ನೂ ಮಾತಾಡಿಸದೆ ನೇರವಾಗಿ ಕಾರಿನ ಹಿಂದೆ ಹೋದ. ಕಣ್ಣು ಮುಚ್ಚಿ ಏನೋ ಗೊಣಗಿ, ಧೋತರ ಎಳೆದ. ಗಾಜು ನೋಡಿದ. ಬಗ್ಗಿ ನೋಡಿದ. ಬೆರಳಿನಿಂದ ಎಡಮೂಲೆಯನ್ನು ಸವರಿದ, ಉಗುರಿನಿಂದ ಕೆರೆದ.

ದುರಗೇಶ ಮಹೇಶ್ವರಿಯ ಹಿಂದೆ ಸರಿದ.

ಮುತ್ತಣ್ಣ ಕೈಯಲ್ಲಿದ್ದ ಕಾಯಿ ಬಿಟ್ಟು, ಓಣಿಯ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದ. "ಯವ್ವಾ ಭೀಮವ್ವಾ! ನಿನ್ನ ಸತ್ಯ ದೊಡ್ಡದು ತಾಯಿ!"

ಎಬ್ಬಿಸಿ ಕೂಡಿಸಿದಾಗ ಕಣ್ಣಲ್ಲಿ ನೀರು. "ಅಳಿಯಾರ, ಇನ್ ಮ್ಯಾಲೆ ಮುಚ್ಚಿಡಾಂಗಿಲ್ಲ, ಹೇಳೇಬಿಡ್ತೀನಿ. ಹೋದ ವಾರ ಹೊಲಾ ಹರಗೂ ಕಬ್ಬಿಣದ ಕುಂಟಿ ಡಿಕ್ಕಿ ಮ್ಯಾಲೆ ಇಟ್ಕೊಂಡ ಹೊಲಕ್ಕ ಹೋಗಿದ್ದೆ. ಗ್ಲಾಸಿಗೆ ಮೊಳದುದ್ದ ಗೀರ ಬಿತ್ತು. ಮೂರ ಗ್ಯಾರೇಜಿಗೆ ತೋರಿಸಿದೆ, ಗಾಜಿನ ಗೀರ ಜಲ್ಮಕ್ಕ ಹೋಗಂಗಿಲ್ಲ ಅಂದ್ರು. ಯಾರಿಗೂ ಕಾಣಬಾರದಂತ ನಿಂತಲ್ಲೆಲ್ಲಾ ಧೋತರಾ ಹೊಚ್ಚಿಡ್ತಿದ್ದೆ. ಕಡೀಕ, ಗುಡಿ ಮುಂದ ಮಂದಿ ಗೀರ ನೋಡ್ತಾರಂತ ಗಾಡಿ ಇಲ್ಲೇ ಬಿಟ್ಟು, ಬಸ್ಸಿಗೆ ಹೋಗಿ ಇಟಗಿ ಭೀಮವ್ವಗ ಹರಕಿ ಹೊತ್ತ ಬಂದೆ. ಈಗ ನೋಡ್ರಿ, ಗೀರಿನ ಗುರ್ತ ಸುದ್ದಾ ಇಲ್ಲ!"

ಓಣಿಯೆಲ್ಲ ಗಾಜನ್ನು ನೋಡಿತು, ಆಮೇಲೆ ದುರಗೇಶನನ್ನು ನೋಡಿತು. ಖಾತುನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಳಪ್ಪ ಆಕಾಶ ನೋಡಿ ಕೈ ಮುಗಿದ. ದುರಗೇಶನಿಗೆ ಎದೆಯ ಮೇಲಿನ ಗುಂಡು ಇಳಿದಂತಾಯಿತು. ಬದುಕಿದೆ ಎಂದುಕೊಂಡ. ಅಷ್ಟು ಹಗುರಾಗಿ ಅವನು ಮದುವೆಯಾದ ಮೇಲೆ ನಿಂತದ್ದೇ ಇಲ್ಲ.

ಮುತ್ತಣ್ಣ ಚೀಲವಿಡಲು ಕಾರಿನ ಬಾಗಿಲು ತೆರೆದ. ದುರಗೇಶ ಓಡಿಹೋಗಿ, ಮಗುವಿಗೆ ಹೊದಿಕೆ ಹೊಚ್ಚುವಂತೆ ಅದನ್ನು ಮೆಲ್ಲಗೆ ಮುಚ್ಚಿದ.

ಮುತ್ತಣ್ಣ ಅದನ್ನು ನೋಡಿ ಕರಗಿಹೋದ. "ಎಷ್ಟ ನಾಜೂಕ ಕೈ ನಿಮ್ದು! ನಾವ ಸುಮ್ನ ಹೆಸರ ಇಟ್ಟಿದ್ವಿ. ಮಹೇಶ್ವರಿ, ಅಳಿಯಾರಿಗೆ ಕಪ್ಪಿನ್ಯಾಗ ಚಾ ಕೊಡವ್ವಾ! ಇನ್ ಮ್ಯಾಲೆ ಸವಡ್ಯಾಗೂ ಕಪ್ಪನ."

ಕಪ್ಪು ಬಂತು, ಪಿಂಗಾಣಿಯದು, ಹೂವಿನ ಚಿತ್ತಾರದ್ದು. ದುರಗೇಶ ಒಂದು ಗುಟುಕು ಕುಡಿದ. ಅಂಥ ಚಹಾ ಜನ್ಮದಲ್ಲಿ ಕುಡಿದಿರಲಿಲ್ಲ. ಸಂತೋಷದಲ್ಲಿ ಕೇಳಿದ: "ಹರಕಿ ಏನ್ ಹೊತ್ತಿದ್ರಿ ಮಾವಾರ?"

"ದೀಡ ನಮಸ್ಕಾರ. ಇಟಗಿ ಅಗಸಿಯಿಂದ ಗುಡಿ ತನಕ, ಹೆಜ್ಜಿ ಹೆಜ್ಜಿಗೂ ಉದ್ದಕ ಬಿದ್ದು ಎದ್ದು ಹೋಗೂದು. ಒಂದಲ್ಲ, ಐದ ಸೋಮವಾರ."

"ಚಲೋ ಆತ್ ಬಿಡ್ರಿ. ತಪ್ಪದ ತೀರಿಸಿಬಿಡ್ರಿ."

"ನನಗೆಲ್ಲಿ ಆಗ್ತೈತ್ರಿ?" ಮುತ್ತಣ್ಣ ಸೊಂಟ ಹಿಡಿದುಕೊಂಡ. "ಈ ಗಾಡ್ಯಾಗ ಕುಂತ ಕುಂತ ನಡಾ ಹೋಗೇತಿ. ಅದಕ್ಕ ನಿಮ್ಮ ಹೆಸರಲೆ ಹೊತ್ತೀನಿ. ಗಟ್ಟಿ ಆಳು, ಕಸರತ್ತಿನ ಮಾಸ್ತರು. ಗೀರ ಏನ ಹೋಗಂಗಿಲ್ಲ ಅನ್ನೂ ಧೈರ್ಯದ ಮ್ಯಾಲೆ ಐದ ಸೋಮವಾರ ಅಂದಬಿಟ್ಟೆ. ಆಕಿ ಖರೇನ ಮಾಡಿ ತೋರಿಸಿಬಿಟ್ಲು!"

ದುರಗೇಶ ಬಾಯಿ ತೆರೆದ. ಗೀರು ಹೋಗಿಲ್ಲ, ಗಾಜೇ ಹೋಗಿದೆ ಎಂದರೆ ಸಾಕು, ಹರಕೆ ಅಲ್ಲಿಗೇ ಮುಗಿಯುತ್ತದೆ. ಮುಗಿಯುವುದು ಹರಕೆಯೊಂದೇ ಅಲ್ಲ. ಅವನು ಮಹೇಶ್ವರಿಯನ್ನು ನೋಡಿದ. ಅವಳು ಕಪ್ಪನ್ನು ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ನಾನೂ ಬರ್ತೀನಿ ಮಾಸ್ತರ" ಎಂದು ಮಾಳಪ್ಪ ಭುಜ ತಟ್ಟಿದ. "ನೀವ ಬಿದ್ದಾಗ ಹೋಲ್ಡಾನ್ ಅಂತೀನಿ, ಎದ್ದಾಗ ರೈಟ್ ಅಂತೀನಿ. ನಾಳಿನೇ ಸೋಮವಾರ ಐತಿ."

ಗೋಡೆಯ ಮೇಲೆ ಮಂಗ ಮತ್ತೆ ಬಂದು ಕುಳಿತಿತ್ತು. ದುರಗೇಶ ಅದರ ಕಡೆ ನೋಡಲೂ ಇಲ್ಲ. ಕಪ್ಪನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ಉಳಿದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿದ.