ಅಸ್ಥಿಪಂಜರಕ್ಕೂ ಹೇಳಿ ಹೊರಡುವ ಭಾವ

ಬಹರೈನಿನಲ್ಲಿ ನನ್ನ ಭಾವನಿಗಿರುವಷ್ಟು ಪರಿಚಯಸ್ಥರು ಇಲ್ಲೇ ಹುಟ್ಟಿ ಬೆಳೆದವರಿಗೂ ಇರಲಿಕ್ಕಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಮಂದಿ ತೀರಿಕೊಂಡು ಸಾವಿರಾರು ವರ್ಷಗಳಾದವು, ಅದು ಬೇರೆ ಮಾತು!

ಭಾವ ಎಂದರೆ ನನ್ನ ಅಕ್ಕನ ಗಂಡ. ವಾರವಿಡೀ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಟೈ ಕಟ್ಟಿಕೊಂಡು ಗಂಭೀರವಾಗಿ ಕೂರುವ ಮನುಷ್ಯ. ಶುಕ್ರವಾರ ಬಂತೆಂದರೆ ಉಳಿದವರೆಲ್ಲ ಮಕ್ಕಳನ್ನು ಮಾಲಿಗೆ ಕರೆದೊಯ್ಯುತ್ತಾರೆ. ಇವರು ತಮ್ಮ ಮಗಳನ್ನೂ ನನ್ನ ಮಗನನ್ನೂ ಕಾರಿಗೆ ತುಂಬಿಕೊಂಡು ಮ್ಯೂಸಿಯಮ್ಮಿಗೆ ಹೊರಡುತ್ತಾರೆ. ಕಾಯಲಿಕ್ಕೆ ಜೊತೆಗೆ ನಾನು. ಮಕ್ಕಳನ್ನು ಎಂದುಕೊಂಡಿರಾ? ಅಲ್ಲ, ಭಾವನನ್ನು!

ನಮ್ಮ ಕಡೆ ಯಾರ ಮನೆಗೆ ಹೋದರೂ ಹೇಳದೆ ಹೊರಡುವ ಕ್ರಮವಿಲ್ಲ. ಅದೂ "ಹೋಗ್ತೇನೆ" ಎನ್ನಬಾರದು, "ಬರ್ತೇನೆ ಆಯ್ತಾ" ಎನ್ನಬೇಕು. ಒಳ್ಳೆಯ ಕ್ರಮವೇ, ಇಲ್ಲವೆನ್ನುವುದಿಲ್ಲ. ಆದರೆ ಗಾಜಿನೊಳಗೆ ಮೊಣಕಾಲು ಮಡಚಿ ಮಲಗಿರುವ ಪುರಾತನ ಸಮಾಧಿಯ ಅಸ್ಥಿಪಂಜರಕ್ಕೂ ಹೇಳಬೇಕೇ?

"ಬರ್ತೇವೆ ಆಯ್ತಾ ಅಜ್ಜ. ಮಕ್ಕಳನ್ನು ಕರ್ಕೊಂಡು ಪುನಃ ಬರ್ತೇವೆ."

"ಪಪ್ಪಾ, ಪ್ಲೀಸ್! ಹಿ ಈಸ್ ಡೆಡ್!" ಹನ್ನೆರಡರ ಮಗಳು ಹಲ್ಲು ಕಚ್ಚಿ ಹೇಳಿದಳು.

"ಸತ್ತರೆಂಥ? ಇಷ್ಟು ಹೊತ್ತು ಅವರ ಮನೆಗೇ ಬಂದು ಅವರನ್ನೇ ನೋಡಿದ್ದಲ್ವಾ? ಸುಮ್ನೆ ಎದ್ದು ಹೋಗ್ಲಿಕ್ಕೆ ಇದೆಂಥ ಬಸ್‌ಸ್ಟ್ಯಾಂಡಾ?"

ಇದಕ್ಕೆ ನೀವೇ ಉತ್ತರ ಹೇಳಿ ನೋಡೋಣ!

ಮುತ್ತು ತೆಗೆಯುವವರ ಕೋಣೆಯಲ್ಲಂತೂ ಕೇಳಬೇಡಿ. ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಸಮುದ್ರಕ್ಕೆ ಧುಮುಕಲು ನಿಂತ ಗೊಂಬೆಗೆ, "ಬರ್ತೇನೆ ಆಯ್ತಾ. ಶೀತ ಮಾಡ್ಕೊಳ್ಬೇಡಿ" ಎಂದರು. ಕಾವಲಿನ ಬಹರೈನಿ ಮುದುಕ, "ಕ್ಯಾ ಬೋಲ್ತಾ, ಸದೀಕ್?" ಏನು ಹೇಳ್ತಿ ಗೆಳೆಯಾ, ಎನ್ನುತ್ತಾ ಹತ್ತಿರ ಬಂದ. ಹೋಯಿತು ಮಾನ, ಎಂದುಕೊಂಡೆ ನಾನು. ಭಾವ ತಮ್ಮ ಹರಕುಮುರುಕು ಹಿಂದಿಯಲ್ಲಿ ನಮ್ಮ ಕ್ರಮವನ್ನೆಲ್ಲ ವಿವರಿಸಿದರು. ಮುಂದಿನ ಸಲ ಆ ಮುದುಕ ದೂರದಿಂದಲೇ ಕೈ ಬೀಸಿ, "ಆವೋ ಆವೋ! ತುಮ್ಹಾರಾ ದೋಸ್ತ್ ಕಲ್ ಸೇ ಪೂಛ್ತಾ ಹೈ!" ಎಂದು ಆ ಗೊಂಬೆಯತ್ತ ಬೆರಳು ತೋರಿಸಿದ, ಅವನು ನಿನ್ನೆಯಿಂದ ಭಾವನನ್ನೇ ಕೇಳುತ್ತಿದ್ದಾನೆ ಎಂಬಂತೆ.

ಒಮ್ಮೆ ಚಿತ್ರಪ್ರದರ್ಶನವೊಂದರಲ್ಲಿ ದೊಡ್ಡ ಬಿಳಿ ಕ್ಯಾನ್ವಾಸಿನ ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಅದಕ್ಕೆ ಭಾವ ಎರಡು ಸಲ ಹೇಳಿದರು. ಯಾಕೆಂದು ಕೇಳಿದರೆ, "ಪಾಪ, ಒಬ್ಬನೇ ಇದ್ದಾನಲ್ಲ ಮಾರಾಯ್ತಿ!"

ಕಳೆದ ತಿಂಗಳು ಭಾವನ ಮಗಳ ಶಾಲೆಯಲ್ಲೇ ಮಕ್ಕಳ ಚಿತ್ರಪ್ರದರ್ಶನವಿತ್ತು. ಅವಳದ್ದೂ ಒಂದು ಚಿತ್ರ ಆಯ್ಕೆಯಾಗಿತ್ತು. ಹೊರಡುವ ಮೊದಲೇ ಷರತ್ತು ಬಂತು: "ನನ್ನ ಫ್ರೆಂಡ್ಸ್ ಎಲ್ಲ ಇರ್ತಾರೆ. ಪಪ್ಪ ಯಾವ ಚಿತ್ರಕ್ಕೂ ಏನೂ ಹೇಳ್ಬಾರ್ದು. ಹೇಳಿದ್ರೆ ಇನ್ನು ನಾನು ನಿಮ್ಮೊಟ್ಟಿಗೆ ಎಲ್ಲಿಗೂ ಬರುದಿಲ್ಲ!"

ಭಾವನ ಮುಖ ಸಣ್ಣದಾಯಿತು. ಮಗಳು ಜೊತೆಗಿಲ್ಲದ ಶುಕ್ರವಾರ ಅವರಿಗೆಂಥ ಶುಕ್ರವಾರ? "ಆಯ್ತು ಮಗಾ, ಬಾಯಿ ಬಿಡುದಿಲ್ಲ" ಎಂದರು.

ಬಿಡಲೂ ಇಲ್ಲ! ಕೈ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದು, ಒಂದೊಂದೇ ಚಿತ್ರವನ್ನು ದಾಟಿದರು. ಕೊನೆಗೆ ಮಗಳ ಚಿತ್ರ ಬಂತು. ನೀಲಿ ಸಮುದ್ರ, ಒಂದು ದೋಣಿ, ದೋಣಿಯ ಅಂಚಿನಲ್ಲಿ ಮೂಗಿಗೆ ಕ್ಲಿಪ್ಪು ಹಾಕಿ ನಿಂತವನು. ಭಾವನ ದೋಸ್ತ್! ಭಾವ ತುಂಬಾ ಹೊತ್ತು ಅಲ್ಲೇ ನಿಂತರು. ಆದರೆ ಕೊಟ್ಟ ಮಾತು ಮಾತೇ. ಸುಮ್ಮನೆ ಬಾಗಿಲಿನ ಕಡೆಗೆ ನಡೆದರು.

"ಪಪ್ಪಾ!" ಗೆಳತಿಯರ ಗುಂಪು ಬಿಟ್ಟು ಮಗಳು ಓಡಿಬಂದಳು. "ನನ್ನದಕ್ಕೆ ಹೇಳ್ಲಿಲ್ಲ ನೀವು!"

"ನೀನೇ ಬೇಡ ಅಂದದ್ದಲ್ವಾ ಮಗಾ?"

"ಅಂದ್ರೆ? ನನ್ನದಕ್ಕೂ ಹೇಳದೆ ಹೋಗುದಾ?" ಎಂದವಳ ಕಣ್ಣಲ್ಲಿ ನೀರೇ ಬಂತು.

ಗೆಳತಿಯರೆಲ್ಲ ನೋಡುತ್ತಿದ್ದಂತೆಯೇ ಅಪ್ಪನ ಕೈ ಹಿಡಿದು ಎಳೆದುಕೊಂಡು ಹೋಗಿ ಚಿತ್ರದೆದುರು ನಿಲ್ಲಿಸಿದಳು. ಎಲುಬಿನ ಗೂಡಿನೊಡನೆ ಗಂಟೆಗಟ್ಟಲೆ ಮಾತಾಡುವ ನನ್ನ ಭಾವನಿಗೆ ಆಗ ಸ್ವರವೇ ಹೊರಡಲಿಲ್ಲ. ಇವರು ನನ್ನ ಭಾವ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು ನನಗೆ.

ಮಗಳು ಸ್ವಲ್ಪ ಕಾದಳು. ಆಮೇಲೆ ಅಪ್ಪನ ಕೈ ಬಿಡದೆ, ಗೆಳತಿಯರಿಗೂ ಕೇಳುವಷ್ಟು ಗಟ್ಟಿಯಾಗಿ, ಕನ್ನಡದಲ್ಲೇ ತಾನೇ ಹೇಳಿದಳು:

"ಬರ್ತೇವೆ ಆಯ್ತಾ. ಶೀತ ಮಾಡ್ಕೊಳ್ಬೇಡಿ."