ಇರುವೆ ಕಚ್ಚಿದಷ್ಟೇ ನೋವು

ಕೋಲಾರದಲ್ಲಿ ನಾನು ಕೆಲಸ ಮಾಡೋ ಕ್ಲಿನಿಕ್ಕಲ್ಲಿ ನನ್ನ ಎದೆ ಒಂದು ಸಲವೂ ಧಸಕ್ ಅನ್ನಲಿಲ್ಲ ಅಂದ್ರೆ ಅವತ್ತು ಭಾನುವಾರ ಅಂತಲೇ ಅರ್ಥ. ನಮ್ಮ ಡಾಕ್ಟರದು ಚೀನಾ ಪದ್ಧತಿ. ನೋವಿರೋ ಜಾಗಕ್ಕೆ ಸ್ಪಿರಿಟ್ ಹಚ್ಚಿ, ಸಣ್ಣ ಸೂಜಿಯಲ್ಲಿ ಚುಚ್ಚಿ, ಮೇಲೆ ಗಾಜಿನ ಕಪ್ ಕೂರಿಸಿ ಒಂದಿಷ್ಟು ರಕ್ತ ತೆಗೀತಾರೆ. ಹೆದರಿಕೊಂಡು ಬಂದವರಿಗೆ "ಏನೂ ಆಗಲ್ಲ, ಇರುವೆ ಕಚ್ಚಿದಷ್ಟೇ" ಅಂತ ಧೈರ್ಯ ಹೇಳಿ ಒಳಗೆ ಕಳಿಸೋದು ನನ್ನ ಕೆಲಸ. ನಾನು ಯಾವತ್ತೂ ಚುಚ್ಚಿಸಿಕೊಂಡಿರಲಿಲ್ಲ, ಅದು ಬೇರೆ ಮಾತು.

೧. ಡೈರಿ ಸೆಕ್ರೆಟರಿ

ಕ್ಯಾಲನೂರು ಕಡೆಯ ಹಾಲಿನ ಡೈರಿ ಸೆಕ್ರೆಟರಿ ಒಬ್ಬರು ಸೊಂಟನೋವು ಅಂತ ಬಂದರು. ಎಲ್ಲ ಮುಗಿದ ಮೇಲೆ ರಕ್ತದ ಕಪ್ ಪಕ್ಕಕ್ಕಿಟ್ಟೆ. ಮಲಗಿದ್ದ ಮನುಷ್ಯ ಎದ್ದು ಕೂತು, ಕಪ್ಪನ್ನ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ನೋಡೋದೇ! ನನಗೆ ಜೀವ ಬಾಯಿಗೆ ಬಂತು.

"ಅಯ್ಯೋ, ಕೆಳಗಿಡಿ ಸಾರ್!"

"ಇರಮ್ಮ. ಗಟ್ಟಿಯಾಗೇ ಐತೆ. ಫ್ಯಾಟ್ ಎಷ್ಟು ಬಂತು?"

ಇಲ್ಲಿ ಫ್ಯಾಟ್ ಎಲ್ಲ ನೋಡಲ್ಲ ಅಂದರು ಡಾಕ್ಟರು. ಸೆಕ್ರೆಟರಿಗೆ ನನಗಿಂತ ದೊಡ್ಡ ಶಾಕ್. "ಟೆಸ್ಟ್ ಮಾಡದೇನೇ ತಗೊಂಬಿಡ್ತೀರಾ?"

೨. ಮುಳಬಾಗಿಲಿನ ಅಜ್ಜಿ

ಮುಳಬಾಗಿಲು ಕಡೆಯಿಂದ ಮಂಡಿನೋವಿಗೆ ಬರೋ ಅಜ್ಜಿ, ಮೊದಲನೇ ದಿನ ಚುಚ್ಚಿಸಿಕೊಂಡ ಮೇಲೆ ಎದ್ದು ಹೋಗಲೇ ಇಲ್ಲ.

"ಆ ಹತ್ತಿ ಕೊಡಮ್ಮ. ನನ್ನ ರಕ್ತ ಅದ್ರಾಗೈತೆ. ಯಾರಾದ್ರೂ ಮಾಟ ಮಾಡಿಸಿದ್ರೆ?"

ಕೊಡೋ ಹಾಗಿಲ್ಲ ಅಜ್ಜಿ, ಹಳದಿ ಚೀಲಕ್ಕೆ ಹಾಕ್ತೀವಿ, ಆಸ್ಪತ್ರೆ ಕಸದ ವ್ಯಾನ್ ಬಂದು ಸುಡೋಕೆ ತಗೊಂಡು ಹೋಗುತ್ತೆ ಅಂದೆ. ಅಜ್ಜಿ ಬೆಂಚಿನ ಮೇಲೆ ಕೂತೇಬಿಡ್ತು. ವ್ಯಾನ್ ಬಂದದ್ದು ಮಧ್ಯಾಹ್ನ. ಡ್ರೈವರ್ ಚೀಲಕ್ಕೆ ಕೈ ಹಾಕಿದ್ದೇ ತಡ, ಅಜ್ಜಿ ಕೋಲು ಅಡ್ಡ ಹಿಡೀತು.

"ಯಾವೂರಪ್ಪಾ ನಿಂದು?"

"ಮಾಲೂರು ಅಜ್ಜಿ."

"ಮುಳಬಾಗಿಲ ಕಡೆ ನೆಂಟ್ರು ಇದಾರಾ?"

"ಯಾರೂ ಇಲ್ಲ."

"ಹಂಗಾದ್ರೆ ತಗೊಂಡೋಗು ನಾಯ್ನಾ." ಕೋಲು ಇಳಿಸಿ ನನ್ನ ಕಡೆ ತಿರುಗಿತು. "ಮಾಟ ಮಾಡ್ಸೋರೆಲ್ಲ ಗುರುತಿನೋರೇ ಕಣಮ್ಮ."

೩. ನನ್ನ ಸರದಿ

ಮೂರು ತಿಂಗಳಿಂದ ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳ್ತಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮತ್ತೆಯೇ ನನಗೆ ಜಡೆ ಹಾಕೋರು. ಒಂದೊಂದು ಎಳೆತಕ್ಕೂ ಒಂದೊಂದು ಹಳೇ ಸಿಟ್ಟು ತೀರಿಸಿಕೊಳ್ಳೋರು. ಈ ಜಡೆಗಿಂತ ಸೂಜಿಯೇ ವಾಸಿ ಅಂತ ಮನಸ್ಸು ಗಟ್ಟಿ ಮಾಡಿ ಒಂದಿನ ಡಾಕ್ಟರ ಮುಂದೆ ಕೂತೆ. ಬಾಗಿಲಾಚೆ ಬೆಂಚಿನ ಮೇಲೆ ಅದೇ ಮುಳಬಾಗಿಲಿನ ಅಜ್ಜಿ.

"ಏನೂ ಆಗಲ್ಲ ಬಿಡಮ್ಮ, ಇರುವೆ ಕಚ್ಚಿದಷ್ಟೇ" ಅಂತು.

ಕಣ್ಣು ಮುಚ್ಚಿಕೊಂಡೆ. ಭುಜಕ್ಕೆ ತಣ್ಣಗೆ ಏನೋ ತಾಗಿತು. "ಅಯ್ಯಯ್ಯಪ್ಪಾ, ಸತ್ತೆ!" ಅಂತ ಕಿರುಚಿದೆ.

ಕಣ್ಣು ಬಿಟ್ಟು ನೋಡ್ತೀನಿ, ಡಾಕ್ಟರ ಕನ್ನಡಕ ಮೂಲೆಯಲ್ಲಿ ಬಿದ್ದಿದೆ. ಅದನ್ನ ಹಾರಿಸಿದ ನನ್ನ ಬಲಗೈ ತಲೆಗಿಂತ ಮೇಲೆ ನಿಂತಿದೆ! ಸೂಜಿ ಇನ್ನೂ ಕವರಿನಿಂದ ಹೊರಗೇ ಬಂದಿರಲಿಲ್ಲ. ಡಾಕ್ಟರ ಕೈಯಲ್ಲಿದ್ದದ್ದು ಬರೀ ಸ್ಪಿರಿಟ್ ಹತ್ತಿ. ಕೈ ಇಳಿಸಿ ಇನ್ನೊಂದು ಸಲ ಎತ್ತಿದೆ, ಎದ್ದಿತು. ನನ್ನ ಜಡೆ ನಾನೇ ಮುಟ್ಟಿ ನೋಡಿಕೊಂಡೆ. ಖುಷಿಗೆ ಅಳುವೇ ಬಂತು.

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಒಳಗೇ ನುಗ್ಗಿತು.

"ನಂಗೆ ಸೂಜಿ ಬೇಡ ಡಾಕ್ಟ್ರೇ. ಇವಳಿಗೆ ಹಚ್ಚಿದ್ದನ್ನೇ ನಂಗೂ ಹಚ್ಚಿ. ಒಳ್ಳೇ ಔಷಧಿನೆಲ್ಲ ನಿಮ್ಮೋರಿಗೇ ಇಟ್ಕೊಂಡಿದ್ರಾ?"